ನೂರು ವರ್ಷ ಮಲಗಿದವರನ್ನು ಎಬ್ಬಿಸುವುದು ಹೇಗೆ?

ಚಿಕ್ಕಂದಿನಲ್ಲಿ ನಮ್ಮ ಮನೆಯ ಹಸು ಬೆದೆಗೆ ಬಂದಾಗ ಪಶು ಆಸ್ಪತ್ರೆಯಿಂದ ಒಬ್ಬರು ಬೈಕಿನಲ್ಲಿ ಬರುತ್ತಿದ್ದರು. ಬೈಕಿನ ಹಿಂದೆ ಒಂದು ಕ್ಯಾನು ಕಟ್ಟಿರುತ್ತಿತ್ತು. ಮುಚ್ಚಳ ತೆಗೆದರೆ ಬಿಳಿ ಹೊಗೆ ಉಕ್ಕುತ್ತಿತ್ತು. ಅದು ಮೇಲಕ್ಕೆ ಹೋಗದೆ ಕ್ಯಾನಿನ ಮೈ ಸವರಿಕೊಂಡು ನೆಲಕ್ಕಿಳಿಯುತ್ತಿತ್ತು. ಒಳಗಿನಿಂದ ಇಕ್ಕಳದಲ್ಲಿ ಕಡ್ಡಿಯಷ್ಟು ತೆಳ್ಳಗಿನ ಒಂದು ನಳಿಗೆ ಎತ್ತುತ್ತಿದ್ದರು. ಅದನ್ನು ಮೈಬಿಸಿಯಷ್ಟು ಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಅದ್ದಿಟ್ಟು, ಆಮೇಲೆ ತಮ್ಮ ಕೆಲಸ ಮುಗಿಸಿ ಹೋಗುತ್ತಿದ್ದರು. ಒಂಬತ್ತು ತಿಂಗಳಿಗೆ ಕೊಟ್ಟಿಗೆಯಲ್ಲಿ ಕರು.

ಆ ಕ್ಯಾನಿನಲ್ಲಿ ಇರುತ್ತಿದ್ದದ್ದು ದ್ರವ ಸಾರಜನಕ, ಅಂದರೆ ಲಿಕ್ವಿಡ್ ನೈಟ್ರೋಜನ್. ಅದರ ತಾಪಮಾನ ಮೈನಸ್ 196 ಡಿಗ್ರಿ ಸೆಲ್ಸಿಯಸ್. ನಳಿಗೆಯಲ್ಲಿದ್ದದ್ದು ಹೋರಿಯ ವೀರ್ಯ. ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಇಂಥ ನಳಿಗೆಗಳನ್ನು ತಯಾರಿಸುವುದಕ್ಕೆಂದೇ ಕೇಂದ್ರ ಸರ್ಕಾರದ ಸಂಸ್ಥೆಯೊಂದಿದೆ. ಎಷ್ಟೋ ಸಲ ಕರು ಹುಟ್ಟುವ ಹೊತ್ತಿಗೆ ಆ ಹೋರಿ ಸತ್ತು ವರ್ಷಗಳಾಗಿರುತ್ತವೆ. ಆದರೂ ನಳಿಗೆಯೊಳಗಿನ ಜೀವಕೋಶಗಳಿಗೆ ಒಂದು ದಿನವೂ ಕಳೆದಿರುವುದಿಲ್ಲ. ಅಂತರಿಕ್ಷದ ಸಿನಿಮಾಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿ, ನೂರು ವರ್ಷ ಕಳೆದ ಮೇಲೆ ಕಣ್ಣು ಬಿಡುವವರನ್ನು ನೋಡಿದಾಗಲೆಲ್ಲ ನನಗೆ ಆ ಕ್ಯಾನು ನೆನಪಾಗುತ್ತದೆ. ಒಂದು ಜೀವಕೋಶಕ್ಕೆ ಆಗುವುದು ಒಬ್ಬ ಮನುಷ್ಯನಿಗೆ ಯಾಕೆ ಆಗಬಾರದು?

ಕಥೆಗಾರರಿಗೆ ಈ ನಿದ್ದೆ ಯಾಕೆ ಬೇಕಾಯಿತು ಅನ್ನುವುದನ್ನು ಮೊದಲು ನೋಡೋಣ. 1977ರಲ್ಲಿ ಹಾರಿಸಿದ ವಾಯೇಜರ್-1 ಈಗ ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಸೌರಮಂಡಲದಿಂದ ದೂರ ಸಾಗುತ್ತಿದೆ. ಬೆಂಗಳೂರಿನಿಂದ ಮೈಸೂರಿಗೆ ಹತ್ತು ಸೆಕೆಂಡೂ ಬೇಕಾಗದಷ್ಟು ವೇಗ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದು 4.24 ಜ್ಯೋತಿರ್ವರ್ಷ ದೂರದಲ್ಲಿದೆ. ವಾಯೇಜರ್ ವೇಗದಲ್ಲಿ ಅಲ್ಲಿಗೆ ಹೋಗಲು ಸುಮಾರು 75,000 ವರ್ಷ ಬೇಕು. ಅದಕ್ಕಿಂತ ನೂರು ಪಟ್ಟು ವೇಗದ ನೌಕೆ ಕಟ್ಟಿದರೂ 750 ವರ್ಷ. ಒಬ್ಬ ಮನುಷ್ಯನ ಆಯಸ್ಸಿನಲ್ಲಿ ಮುಗಿಯುವ ಪ್ರಯಾಣವಲ್ಲ. ಹಾಗಾಗಿ ಕಥೆಗಾರರು ಪ್ರಯಾಣಿಕರನ್ನು ಮಲಗಿಸಿದರು.

ಆದರೆ ಅವರು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿಬಿಟ್ಟರು. ಒಂದು, ದೇಹವನ್ನು ಪೂರ್ತಿ ಹೆಪ್ಪುಗಟ್ಟಿಸುವುದು. ಆಗ ಉಸಿರು, ಎದೆಬಡಿತ, ಜೀವಕೋಶದೊಳಗಿನ ರಾಸಾಯನಿಕ ಕೆಲಸ ಎಲ್ಲವೂ ನಿಲ್ಲುತ್ತವೆ. ಇನ್ನೊಂದು, ಕರಡಿಯೋ ಅಳಿಲೋ ಚಳಿಗಾಲದಲ್ಲಿ ಮಲಗುತ್ತದಲ್ವಾ, ಹಾಗೆ ದೇಹವನ್ನು ನಿಧಾನಗೊಳಿಸುವುದು. ಆಗ ದೀಪ ಆರುವುದಿಲ್ಲ, ಬತ್ತಿ ಸಣ್ಣದಾಗುತ್ತದೆ ಅಷ್ಟೆ. ಇವೆರಡರ ವಿಜ್ಞಾನ ಬೇರೆ, ಕಷ್ಟ ಬೇರೆ, ಕರೆದೊಯ್ಯಬಹುದಾದ ದೂರವೂ ಬೇರೆ. ಇದೊಂದು ಬಿಡಿಸಿಕೊಂಡರೆ ಉಳಿದದ್ದೆಲ್ಲ ಅರ್ಥವಾಗುತ್ತದೆ.

ಮೊದಲು ಹೆಪ್ಪುಗಟ್ಟಿಸುವ ವಿಷಯ. ಇಲ್ಲಿ ಶತ್ರು ಚಳಿಯಲ್ಲ, ನೀರು. ನಮ್ಮ ದೇಹದ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇದೆ. ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಫ್ರೀಜರಿನಲ್ಲಿ ಮರೆತ ಗಾಜಿನ ಬಾಟಲಿ ಒಡೆಯುವುದು ಇದರಿಂದಲೇ. ಹಾಗಾದರೆ ಜೀವಕೋಶವೂ ಬಾಟಲಿಯಂತೆ ಒಡೆದುಹೋಗುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ನಿಜವಾಗಿ ನಡೆಯುವುದು ಸ್ವಲ್ಪ ಬೇರೆ.

ನಿಧಾನಕ್ಕೆ ತಂಪು ಮಾಡಿದರೆ ಮಂಜುಗಡ್ಡೆ ಮೊದಲು ಜೀವಕೋಶಗಳ ಹೊರಗೆ, ಅವುಗಳ ನಡುವಿನ ಸಂದಿಯಲ್ಲಿ ಹುಟ್ಟುತ್ತದೆ. ಮಂಜುಗಡ್ಡೆ ಕಟ್ಟುವಾಗ ಶುದ್ಧ ನೀರನ್ನಷ್ಟೇ ತೆಗೆದುಕೊಳ್ಳುತ್ತದೆ, ಉಪ್ಪನ್ನು ಹೊರಗೆ ಬಿಡುತ್ತದೆ. ಹೊರಗಿನ ದ್ರವ ಉಪ್ಪುಪ್ಪಾಗುತ್ತಾ ಹೋಗುತ್ತದೆ. ಉಪ್ಪಿಗೆ ಹಾಕಿದ ಮಾವಿನ ಮಿಡಿ ನೀರು ಬಿಟ್ಟು ಮುದುಡುವುದನ್ನು ನೋಡಿರುತ್ತೀರಿ. ಜೀವಕೋಶದ ಕಥೆಯೂ ಅದೇ. ಹಾಗಂತ ತುಂಬಾ ವೇಗವಾಗಿ ತಂಪು ಮಾಡಿದರೆ ನೀರಿಗೆ ಹೊರಬರಲು ಸಮಯವೇ ಸಿಗುವುದಿಲ್ಲ. ಮಂಜಿನ ಹರಳು ಜೀವಕೋಶದ ಒಳಗೇ ಬೆಳೆದು ಅದರ ಪೊರೆಯನ್ನು ಹರಿದುಹಾಕುತ್ತದೆ. ಅಮೆರಿಕದ ವಿಜ್ಞಾನಿ ಪೀಟರ್ ಮಜೂರ್ ಈ ಎರಡೂ ಸಾವುಗಳನ್ನು ವಿವರಿಸಿದರು. ಒಂದೊಂದು ಬಗೆಯ ಜೀವಕೋಶಕ್ಕೂ ಇವೆರಡರ ನಡುವೆ ಹೊಂದುವ ವೇಗ ಒಂದಿರುತ್ತದೆ. ನಮ್ಮ ದೇಹದಲ್ಲಿ ನೂರಾರು ಬಗೆಯ ಜೀವಕೋಶಗಳಿವೆ. ಮಿದುಳಿಗೆ ಹೊಂದುವ ವೇಗ ಯಕೃತ್ತಿಗೆ ಹೊಂದುವುದಿಲ್ಲ.

ಹಾಗಾದರೆ ಹೋರಿಯ ವೀರ್ಯ ಹೇಗೆ ಉಳಿಯಿತು? ಅದರ ಹಿಂದೆ 1949ರಲ್ಲಿ ಇಂಗ್ಲೆಂಡಿನಲ್ಲಿ ಆದ ಒಂದು ಆಕಸ್ಮಿಕವಿದೆ. ಕ್ರಿಸ್ಟೋಫರ್ ಪೋಲ್ಜ್, ಆಡ್ರೆ ಸ್ಮಿತ್ ಮತ್ತು ಆಲನ್ ಪಾರ್ಕ್ಸ್ ಕೋಳಿಹುಂಜದ ವೀರ್ಯವನ್ನು ಸಕ್ಕರೆ ದ್ರಾವಣದಲ್ಲಿಟ್ಟು ಹೆಪ್ಪುಗಟ್ಟಿಸಲು ನೋಡಿ ಸೋತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ಪ್ರಯೋಗ ಗೆದ್ದಿತು. ಪರೀಕ್ಷಿಸಿ ನೋಡಿದರೆ ಬಾಟಲಿಯ ಚೀಟಿಗಳು ಅದಲುಬದಲಾಗಿದ್ದವು. ಒಳಗಿದ್ದದ್ದು ಗ್ಲಿಸರಿನ್ ಬೆರೆತ ಬೇರೆ ದ್ರಾವಣ. ಗ್ಲಿಸರಿನ್ ಜೀವಕೋಶದ ಒಳಗೆ ಹೋಗಿ ನೀರಿನ ಜೊತೆ ಬೆರೆತು ಹರಳು ಕಟ್ಟುವುದನ್ನು ತಡೆಯುತ್ತದೆ. ಇವತ್ತು ನಮ್ಮ ಹಳ್ಳಿಯ ಕೊಟ್ಟಿಗೆಗೆ ಬರುವ ನಳಿಗೆಯಲ್ಲೂ ಗ್ಲಿಸರಿನ್ ಇರುತ್ತದೆ.

ಮನುಷ್ಯರ ವಿಷಯದಲ್ಲೂ ಇದು ಬಹಳ ದೂರ ಬಂದಿದೆ. ಹೆಪ್ಪುಗಟ್ಟಿಸಿದ ಭ್ರೂಣದಿಂದ ಮೊದಲ ಮಗು 1984ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿತು. 1992ರಲ್ಲಿ ಹೆಪ್ಪುಗಟ್ಟಿಸಿದ ಭ್ರೂಣಗಳಿಂದ 2022ರಲ್ಲಿ ಅಮೆರಿಕದಲ್ಲಿ ಅವಳಿ ಮಕ್ಕಳು ಹುಟ್ಟಿದವು. ಮೂವತ್ತು ವರ್ಷ ಮೈನಸ್ 196 ಡಿಗ್ರಿಯಲ್ಲಿ ಕಾದು, ಈಗ ಉಸಿರಾಡುತ್ತಾ ಬೆಳೆಯುತ್ತಿರುವ ಜೀವಗಳು! ಹಾಗೆ ನೋಡಿದರೆ ಹೆಪ್ಪುನಿದ್ದೆಯಿಂದ ಎದ್ದ ಮನುಷ್ಯರು ಈಗಾಗಲೇ ನಮ್ಮ ನಡುವೆ ಇದ್ದಾರೆ. ಆದರೆ ಮಲಗಿದ್ದಾಗ ಅವರ ಗಾತ್ರ ಸಾಸಿವೆ ಕಾಳಿಗಿಂತಲೂ ಚಿಕ್ಕದು.

ಈ ಗಾತ್ರವೇ ಮುಖ್ಯ ತೊಡಕು. ಅದನ್ನು ತಿಳಿಯಲು ಸಕ್ಕರೆ ಪಾಕ ನೆನಪಿಸಿಕೊಳ್ಳಿ. ಗಟ್ಟಿ ಪಾಕವನ್ನು ಅಲುಗಾಡಿಸದೆ ದಿನಗಟ್ಟಲೆ ಬಿಟ್ಟರೆ ಕಲ್ಲುಸಕ್ಕರೆಯಾಗುತ್ತದೆ. ಅದು ಹರಳು, ಮೂಲೆಗಳು ಚೂಪು. ಅದೇ ಪಾಕವನ್ನು ಚೆನ್ನಾಗಿ ಕುದಿಸಿ ಬೇಗನೆ ಆರಿಸಿದರೆ ಪೆಪ್ಪರಮಿಂಟಿನ ಹಾಗೆ ನಯವಾಗಿ, ಪಾರದರ್ಶಕವಾಗಿ ಗಟ್ಟಿಯಾಗುತ್ತದೆ. ಅದು ಗಾಜು. ಕಣಗಳಿಗೆ ಸಾಲಾಗಿ ಜೋಡಿಸಿಕೊಳ್ಳಲು ಸಮಯ ಸಿಗದೆ, ಇದ್ದಲ್ಲೇ ನಿಂತುಬಿಟ್ಟಿರುತ್ತವೆ. ದೇಹದ ನೀರನ್ನೂ ಹೀಗೆ ಕಲ್ಲುಸಕ್ಕರೆಯಾಗಲು ಬಿಡದೆ ಗಾಜಾಗಿಸಿದರೆ ಚೂಪು ಮೂಲೆಗಳ ಭಯವಿಲ್ಲ. ಇವತ್ತು ಬಹುಪಾಲು ಭ್ರೂಣಗಳನ್ನು ಇಡುವುದು ಹೀಗೇ. ಆದರೆ ಇದಕ್ಕೆ ಬಹಳ ವೇಗವಾಗಿ ತಂಪು ಮಾಡಬೇಕು, ಇಲ್ಲವೇ ಗ್ಲಿಸರಿನ್‌ನಂಥ ವಸ್ತುಗಳನ್ನು ಬಹಳ ಜಾಸ್ತಿ ತುಂಬಬೇಕು. ಜಾಸ್ತಿ ತುಂಬಿದರೆ ಅವೇ ವಿಷ. ಇನ್ನು ವೇಗದ ಮಾತಿಗೆ ಬಂದರೆ, ಸಾಸಿವೆ ಕಾಳು ಕ್ಷಣದಲ್ಲಿ ತಣ್ಣಗಾಗುತ್ತದೆ, ಕುಂಬಳಕಾಯಿ ಆಗುವುದಿಲ್ಲ. ದಪ್ಪ ಎರಡು ಪಟ್ಟಾದರೆ ತಂಪು ನಡುವಿಗೆ ಮುಟ್ಟಲು ನಾಲ್ಕು ಪಟ್ಟು ಹೊತ್ತು ಬೇಕು. ಮನುಷ್ಯನ ಚರ್ಮ ಗಾಜಾಗುವ ಹೊತ್ತಿಗೆ ಹೃದಯ ಇನ್ನೂ ಬೆಚ್ಚಗಿರುತ್ತದೆ.

ಇಷ್ಟಾದರೂ ಇದು ಅರ್ಧ ಕಷ್ಟ. ಉಳಿದರ್ಧ ಎಬ್ಬಿಸುವುದು. ಸಿನಿಮಾದಲ್ಲಿ ಇದನ್ನು ಹತ್ತು ಸೆಕೆಂಡಿನಲ್ಲಿ ಮುಗಿಸುತ್ತಾರೆ. ಆದರೆ ಈ ವಿಜ್ಞಾನದ ಎದುರು ನಿಂತಿರುವ ದೊಡ್ಡ ಗೋಡೆ ಇದೇ ಎಂದು ನನಗನ್ನಿಸುತ್ತದೆ. ಗಾಜಾದ ಅಂಗವನ್ನು ಬಿಸಿ ಮಾಡುತ್ತಾ ಬರುವಾಗ ಅದು ಮತ್ತೆ ಹರಳು ಕಟ್ಟುವ ತಾಪಮಾನವನ್ನು ದಾಟಬೇಕು. ಅಲ್ಲಿ ತಡವಾದರೆ ತಂಪು ಮಾಡುವಾಗ ತಪ್ಪಿಸಿಕೊಂಡ ಹರಳುಗಳೆಲ್ಲ ಬಿಸಿ ಮಾಡುವಾಗ ಹುಟ್ಟುತ್ತವೆ. ಹಾಗಂತ ಹೊರಗಿನಿಂದ ಜೋರಾಗಿ ಬಿಸಿ ಕೊಟ್ಟರೆ, ತಣ್ಣಗಿನ ಗಾಜಿನ ಲೋಟಕ್ಕೆ ಕುದಿಯುವ ಕಾಫಿ ಸುರಿದಂತೆ ಬಿರುಕು ಬಿಡುತ್ತದೆ.

1950ರ ದಶಕದಲ್ಲೇ ಇಂಗ್ಲೆಂಡಿನ ಜೇಮ್ಸ್ ಲವ್‌ಲಾಕ್ ಇದನ್ನು ಎದುರಿಸಿದ್ದರು. ಅವರ ತಂಡ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಗಳನ್ನು ಹೆಪ್ಪುಗಟ್ಟಿಸಿ ಮತ್ತೆ ಬದುಕಿಸುತ್ತಿತ್ತು. ಎದೆಗೆ ಬಿಸಿ ಚಮಚ ಒತ್ತಿ ಹೃದಯವನ್ನು ಎಬ್ಬಿಸುವುದು ಆಗಿನ ಪದ್ಧತಿ. ಪ್ರಾಣಿಗಳಿಗೆ ಸುಟ್ಟ ಗಾಯವಾಗುವುದನ್ನು ನೋಡಲಾರದೆ ಲವ್‌ಲಾಕ್ ರೇಡಿಯೋ ಅಲೆಗಳಿಂದ ಒಳಗಿನಿಂದಲೇ ಬೆಚ್ಚಗಾಗಿಸುವ ಉಪಕರಣ ಮಾಡಿದರು. ಅಡುಗೆಮನೆಯ ಮೈಕ್ರೋವೇವ್ ಓವನ್ನಿಗೆ ಹತ್ತಿರದ ಯೋಚನೆ ಅದು. ಹ್ಯಾಮ್‌ಸ್ಟರ್‌ಗಳು ಎದ್ದು ಓಡಾಡಿದವು. ಆದರೆ ಅವುಗಳನ್ನು ತಂಪು ಮಾಡಿದ್ದು ಸೊನ್ನೆ ಡಿಗ್ರಿಗಿಂತ ಸ್ವಲ್ಪ ಕೆಳಕ್ಕೆ ಮಾತ್ರ, ದೇಹದ ನೀರಿನ ಒಂದು ಭಾಗ ಮಾತ್ರ ಹೆಪ್ಪುಗಟ್ಟಿತ್ತು.

2023ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡ ಇದೇ ದಾರಿಯಲ್ಲಿ ದೊಡ್ಡ ಹೆಜ್ಜೆ ಇಟ್ಟಿತು. ಅವರು ಇಲಿಯ ಮೂತ್ರಪಿಂಡದ ರಕ್ತನಾಳಗಳಲ್ಲಿ ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಕಣಗಳನ್ನು ತುಂಬಿ, ಅದನ್ನು ಗಾಜಾಗಿಸಿ 100 ದಿನಗಳವರೆಗೂ ಇಟ್ಟರು. ಆಮೇಲೆ ಕಾಂತಕ್ಷೇತ್ರದಲ್ಲಿಟ್ಟಾಗ ಆ ಕಣಗಳೆಲ್ಲ ಒಟ್ಟಿಗೆ ಬಿಸಿಯಾದವು. ಮೂತ್ರಪಿಂಡ ಹೊರಗೂ ಒಳಗೂ ಸಮನಾಗಿ ಬೆಚ್ಚಗಾಯಿತು. ಕಣಗಳನ್ನು ತೊಳೆದು ತೆಗೆದು ಐದು ಇಲಿಗಳಿಗೆ ಕಸಿ ಮಾಡಿದರು. ಕೆಲವು ವಾರಗಳಲ್ಲಿ ಮೂತ್ರಪಿಂಡಗಳು ಸರಿಯಾಗಿ ಕೆಲಸ ಮಾಡಿದವು. ಇಲಿಯ ಮೂತ್ರಪಿಂಡ ಹೆಚ್ಚುಕಮ್ಮಿ ಒಂದು ಹುರುಳಿಕಾಯಿ ಬೀಜದಷ್ಟು. ನಮ್ಮದು ಸುಮಾರು 150 ಗ್ರಾಂ. ಇಡೀ ಮನುಷ್ಯನ ಮಾತು ಅದರಾಚೆ ಎಲ್ಲೋ ಇದೆ.

ಹಾಗಾದರೆ ಇಡೀ ದೇಹ ಹೆಪ್ಪುಗಟ್ಟಿ ಎದ್ದ ಪ್ರಾಣಿಯೇ ಇಲ್ಲವೇ? ಇದೆ. ಉತ್ತರ ಅಮೆರಿಕದ ಕಾಡುಕಪ್ಪೆ. ಚಳಿ ಚರ್ಮಕ್ಕೆ ತಟ್ಟಿದ ಕೂಡಲೇ ಅದರ ಯಕೃತ್ತು ರಕ್ತಕ್ಕೆ ವಿಪರೀತ ಗ್ಲೂಕೋಸ್ ಸುರಿಯುತ್ತದೆ. ಜೀವಕೋಶಗಳ ಒಳಗೆ ಪಾಕ, ಹೊರಗೆ ಮಂಜುಗಡ್ಡೆ. ದೇಹದ ನೀರಿನಲ್ಲಿ ಮೂರರಲ್ಲಿ ಎರಡು ಪಾಲು ಕಲ್ಲಾಗುತ್ತದೆ. ಹೃದಯ ನಿಲ್ಲುತ್ತದೆ. ಅಲಾಸ್ಕಾದಲ್ಲಿ ಇವು ಆರು ತಿಂಗಳಿಗೂ ಹೆಚ್ಚು ಕಾಲ, ಮೈನಸ್ 18 ಡಿಗ್ರಿಯವರೆಗೂ ಹೀಗೆ ತರಗೆಲೆಯಡಿ ಬಿದ್ದಿರುತ್ತವೆ. ವಸಂತ ಬಂದಾಗ ಕರಗಿ, ಹೃದಯ ಮತ್ತೆ ಬಡಿಯತೊಡಗಿ, ಕುಪ್ಪಳಿಸಿ ಹೋಗುತ್ತವೆ. ಇದನ್ನು ಓದಿದಷ್ಟು ಸಲವೂ ನನಗೆ ಮೈ ಜುಮ್ಮೆನ್ನುತ್ತದೆ. ಆದರೆ ಅಷ್ಟು ಸಕ್ಕರೆಯನ್ನು ನಮ್ಮ ದೇಹ ತಾಳಲಾರದು.

ಇನ್ನೂ ಒಂದು ತೊಡಕಿದೆ. ಕಥೆಗಳಲ್ಲಿ ಇದರ ಪ್ರಸ್ತಾಪವೇ ಬರುವುದಿಲ್ಲ. ನಾವು ತಿನ್ನುವ ಬಾಳೆಹಣ್ಣು, ಕುಡಿಯುವ ಎಳನೀರಿನಿಂದ ದೇಹಕ್ಕೆ ಪೊಟ್ಯಾಸಿಯಂ ಬರುತ್ತದೆ. ಒಬ್ಬರ ಮೈಯಲ್ಲಿ ಸುಮಾರು 140 ಗ್ರಾಂ ಇರುತ್ತದೆ. ಅದರಲ್ಲಿ ಹತ್ತು ಸಾವಿರಕ್ಕೆ ಒಂದರಂತೆ ಇರುವ ಪರಮಾಣುಗಳು ವಿಕಿರಣ ಸೂಸುವ ಪೊಟ್ಯಾಸಿಯಂ-40. ಪ್ರತಿ ಸೆಕೆಂಡಿಗೆ ನಮ್ಮೊಳಗೆ ಇಂಥ ನಾಲ್ಕು ಸಾವಿರಕ್ಕೂ ಹೆಚ್ಚು ಪರಮಾಣುಗಳು ಒಡೆಯುತ್ತವೆ. ಎಚ್ಚರವಿರುವ ದೇಹ ಈ ಸಣ್ಣ ಹಾನಿಯನ್ನು ಆಗಿಂದಾಗಲೇ ಸರಿಮಾಡಿಕೊಳ್ಳುತ್ತದೆ. ಗಾಜಾದ ದೇಹದಲ್ಲಿ ರಿಪೇರಿಯೂ ನಿಂತಿರುತ್ತದೆ, ಪರಮಾಣು ಒಡೆಯುವುದು ಮಾತ್ರ ನಿಲ್ಲುವುದಿಲ್ಲ. ವಿಕಿರಣ ದೇಹಕ್ಕೆ ಮಾಡುವ ಹಾನಿಯನ್ನು ಅಳೆಯುವ ಮಾನ ಸೀವರ್ಟ್, ಅದರ ಸಾವಿರದಲ್ಲಿ ಒಂದು ಪಾಲು ಮಿಲಿಸೀವರ್ಟ್. ಈ ಪೊಟ್ಯಾಸಿಯಂನಿಂದ ತಗಲುವುದು ವರ್ಷಕ್ಕೆ ಸುಮಾರು 0.17 ಮಿಲಿಸೀವರ್ಟ್. ಲೆಕ್ಕ ಹಾಕಿದರೆ 75,000 ವರ್ಷಕ್ಕೆ 12 ಸೀವರ್ಟಿಗಿಂತ ಜಾಸ್ತಿ. ಎಚ್ಚರವಿರುವ ಮನುಷ್ಯನಿಗೆ ಒಮ್ಮೆಗೇ 4–5 ಸೀವರ್ಟ್ ತಗುಲಿದರೆ, ಚಿಕಿತ್ಸೆ ಸಿಗದಿದ್ದಲ್ಲಿ ಅರ್ಧದಷ್ಟು ಜನ ಉಳಿಯುವುದಿಲ್ಲ. ಹೆಪ್ಪುಗಟ್ಟಿದ ಜೀವಕೋಶ ವಿಕಿರಣವನ್ನು ಸ್ವಲ್ಪ ಹೆಚ್ಚು ತಾಳುತ್ತದೆ, ಆದರೂ ಇದು ಚಿಕ್ಕ ಮಾತಲ್ಲ. ಇದರ ಮೇಲೆ ಹೊರಗಿನ ವಿಕಿರಣ ಬೇರೆ. ಮಂಗಳಕ್ಕೆ ಹೋಗುವ ದಾರಿಯಲ್ಲಿ ಕ್ಯೂರಿಯಾಸಿಟಿ ನೌಕೆ ಅಳೆದದ್ದು ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್. ಹೊರಗಿನದಕ್ಕೆ ದಪ್ಪ ಗೋಡೆ ಕಟ್ಟಬಹುದು. ಮೈಯೊಳಗಿನ ಪೊಟ್ಯಾಸಿಯಂಗೆ ಎಲ್ಲಿ ಗೋಡೆ ಕಟ್ಟುವುದು?

ಈಗ ಎರಡನೆಯ ದಾರಿಗೆ ಬರೋಣ, ಬತ್ತಿ ಸಣ್ಣದು ಮಾಡುವ ದಾರಿ. ಇದು ನಕ್ಷತ್ರಕ್ಕೆ ಒಯ್ಯದು. ಮಂಗಳಕ್ಕೆ ಒಯ್ಯಬಹುದು.

ಮಂಗಳಕ್ಕೆ ಒಂದು ಕಡೆಯ ಪ್ರಯಾಣವೇ ಆರರಿಂದ ಒಂಬತ್ತು ತಿಂಗಳು. ಹೋಗಿ, ಅಲ್ಲಿದ್ದು, ಮರಳುವುದಕ್ಕೆ ಎರಡೂವರೆ ವರ್ಷದ ಸುಮಾರು. ಅಂತರಿಕ್ಷ ನಿಲ್ದಾಣದಲ್ಲಿ ಒಬ್ಬರಿಗೆ ದಿನಕ್ಕೆ ಪೊಟ್ಟಣವೂ ಸೇರಿ ಸುಮಾರು 1.8 ಕೆ.ಜಿ. ಆಹಾರ ಬೇಕಾಗುತ್ತದೆ. ನಾಲ್ಕು ಜನಕ್ಕೆ 900 ದಿನ ಅಂದರೆ ಬರೀ ಊಟವೇ ಆರೂವರೆ ಟನ್. ಮೇಲೆ ನೀರು, ಗಾಳಿ, ಓಡಾಡಲು ಜಾಗ. ಪ್ರಯಾಣದ ಹೊತ್ತಿನಲ್ಲಿ ಎಲ್ಲರೂ ಮಲಗಿದ್ದರೆ ನೌಕೆಯ ತೂಕವನ್ನು ಮೂರನೇ ಒಂದರಷ್ಟು ಇಳಿಸಬಹುದು ಎಂದು ಯುರೋಪಿನ ಅಂತರಿಕ್ಷ ಸಂಸ್ಥೆಯ ಅಧ್ಯಯನ ಹೇಳಿತು. ಅಟ್ಲಾಂಟಾದ ಸ್ಪೇಸ್‌ವರ್ಕ್ಸ್ ಕಂಪನಿ 2013ರಿಂದ ನಾಸಾದ ಹಣದಲ್ಲಿ ಇಂಥ ನೌಕೆಯ ನಕ್ಷೆ ಹಾಕಿತು. ಅವರ ಯೋಜನೆಯಲ್ಲಿ ದೇಹದ ಬಿಸಿ 32–34 ಡಿಗ್ರಿಗೆ ಇಳಿಯುತ್ತದೆ, ಆಹಾರ ರಕ್ತನಾಳದ ಮೂಲಕ ಹೋಗುತ್ತದೆ, ಸಿಬ್ಬಂದಿ ಸುಮಾರು ಎರಡೆರಡು ವಾರ ಪಾಳಿಯಲ್ಲಿ ಮಲಗುತ್ತಾರೆ.

ಈ 32–34 ಡಿಗ್ರಿ ಅನ್ನುವುದು ಸುಮ್ನೆ ಹುಟ್ಟಿದ ಸಂಖ್ಯೆಯಲ್ಲ. ಹೃದಯ ನಿಂತು ಮತ್ತೆ ಬಡಿದ ರೋಗಿಗಳ ಮಿದುಳನ್ನು ಕಾಪಾಡಲು ಆಸ್ಪತ್ರೆಗಳಲ್ಲಿ ದೇಹವನ್ನು ಹೀಗೆ ತಂಪು ಮಾಡುವ ಅಭ್ಯಾಸವಿದೆ. ಒಂದು ಡಿಗ್ರಿ ಇಳಿದರೆ ದೇಹಕ್ಕೆ ಬೇಕಾದ ಆಮ್ಲಜನಕ ಆರೇಳು ಶೇಕಡಾ ಕಡಿಮೆಯಾಗುತ್ತದೆ. ಆದರೆ ಇದು ಒಂದೆರಡು ದಿನದ ಮಾತು. ತಿಂಗಳುಗಟ್ಟಲೆ ಯಾರನ್ನೂ ಹೀಗೆ ಇಟ್ಟಿಲ್ಲ. ನಮ್ಮ ದೇಹ ಚಳಿಯೊಂದಿಗೆ ಹೋರಾಡುತ್ತದೆ, ನಡುಗುತ್ತದೆ, ಆ ನಡುಕ ನಿಲ್ಲಿಸಲು ಔಷಧ ಕೊಡುತ್ತಲೇ ಇರಬೇಕು. ಅಲ್ಲಾಡದೆ ಮಲಗಿದರೆ ಸ್ನಾಯು ಕರಗುತ್ತದೆ, ರಕ್ತನಾಳದಲ್ಲಿ ರಕ್ತ ಗರಣೆ ಕಟ್ಟುತ್ತದೆ, ಸೋಂಕು ತಗಲುತ್ತದೆ. ತೂಕವಿಲ್ಲದ ಅಂತರಿಕ್ಷದಲ್ಲಿ ಎಚ್ಚರವಿದ್ದರೂ ತಿಂಗಳಿಗೆ ಒಂದು ಶೇಕಡಾಕ್ಕಿಂತ ಹೆಚ್ಚು ಮೂಳೆ ಸವೆಯುತ್ತದೆ.

ಕರಡಿ ಹೇಗೆ ನಿಭಾಯಿಸುತ್ತದೆ? ಅಲಾಸ್ಕಾದ ಕಪ್ಪು ಕರಡಿಗಳನ್ನು ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅವುಗಳ ಮೈಬಿಸಿ 30 ಡಿಗ್ರಿಗಿಂತ ಕೆಳಗೆ ಹೆಚ್ಚೇನೂ ಹೋಗುವುದಿಲ್ಲ. ಆದರೆ ದೇಹದ ಕೆಲಸ ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ ಚಳಿಯಿಂದ ನಿಧಾನವಾಗುವುದಲ್ಲ. ದೇಹ ತಾನೇ ನಿಧಾನವಾಗುತ್ತದೆ, ಅದರಿಂದ ಸ್ವಲ್ಪ ತಣ್ಣಗಾಗುತ್ತದೆ. ನಾವು ಆಸ್ಪತ್ರೆಯಲ್ಲಿ ಮಾಡುತ್ತಿರುವುದು ಇದರ ತಲೆಕೆಳಗು. ಐದಾರು ತಿಂಗಳು ತಿನ್ನದೆ, ಕುಡಿಯದೆ, ಮೂತ್ರವನ್ನೂ ಮಾಡದೆ ಮಲಗಿದ ಕರಡಿ, ಯೂರಿಯಾದ ಸಾರಜನಕವನ್ನೇ ಮರುಬಳಸಿ ಸ್ನಾಯುವನ್ನು ಕಾಪಾಡಿಕೊಂಡು ಎದ್ದು ನಡೆಯುತ್ತದೆ.

ಆರ್ಕ್ಟಿಕ್ ನೆಲದಳಿಲು ಇನ್ನೂ ಮುಂದೆ ಹೋಗುತ್ತದೆ. ಅದರ ಮೈಬಿಸಿ ಮೈನಸ್ 2.9 ಡಿಗ್ರಿಗೆ ಇಳಿದದ್ದನ್ನು 1989ರಲ್ಲಿ ವರದಿ ಮಾಡಿದರು. ಆದರೂ ರಕ್ತ ಮಂಜುಗಡ್ಡೆಯಾಗಿರುವುದಿಲ್ಲ. ಎರಡು ಮೂರು ವಾರಕ್ಕೊಮ್ಮೆ ಅದು ಮೈ ಬೆಚ್ಚಗೆ ಮಾಡಿಕೊಂಡು ಏಳುತ್ತದೆ. ಎದ್ದು ಏನು ಮಾಡುತ್ತದೆ ಗೊತ್ತಾ? ನಿದ್ದೆ. ಹೌದು, ನೆಲದಳಿಲುಗಳ ಮಿದುಳಿನ ಅಲೆಗಳನ್ನು ಅಳೆದಾಗ, ಬೆಚ್ಚಗಾದ ಕೂಡಲೇ ಗಾಢ ನಿದ್ದೆಗೆ ಜಾರುವುದು ಕಂಡಿದೆ. ಅಂದರೆ ಚಳಿಗಾಲದ ಆ ಸ್ಥಿತಿ ನಿದ್ದೆಯೇ ಅಲ್ಲ! ನಿದ್ದೆಗೆಟ್ಟ ಹಾಗೆ ಅದು ಸಾಲವನ್ನು ಕೂಡಿಡುತ್ತದೆ. ಚಳಿಗಾಲಕ್ಕೆಂದು ಕೂಡಿಟ್ಟ ಕೊಬ್ಬಿನ ದೊಡ್ಡ ಪಾಲು ಈ ಏಳುವುದಕ್ಕೇ ಖರ್ಚಾಗುತ್ತದೆ. ರಾಮಾಯಣದಲ್ಲಿ ಕುಂಭಕರ್ಣನನ್ನು ಎಬ್ಬಿಸಲು ಭೇರಿ ಬಾರಿಸಿ, ಮೈಮೇಲೆ ಆನೆ ಓಡಿಸಿ, ಎದ್ದ ಕೂಡಲೇ ತಿನ್ನಲು ಅನ್ನ ಮಾಂಸದ ರಾಶಿ ಹಾಕಿ ಕಾಯುತ್ತಾರಲ್ಲ, ಆ ಕಥೆ ಕಟ್ಟಿದವರಿಗೆ ಏಳುವುದರ ಖರ್ಚು ಗೊತ್ತಿತ್ತು.

ಮನುಷ್ಯನಿಗೆ ಈ ಶಕ್ತಿ ಇಲ್ಲವೇ ಇಲ್ಲ ಅನ್ನುವ ಹಾಗೂ ಇಲ್ಲ. ಮಡಗಾಸ್ಕರ್‌ನಲ್ಲಿ ಬಾಲದಲ್ಲಿ ಕೊಬ್ಬು ಕೂಡಿಡುವ ಪುಟ್ಟ ಲೀಮರ್ ಒಂದಿದೆ. ಅದು ಉಷ್ಣವಲಯದಲ್ಲೇ, ಮರದ ಪೊಟರೆಯಲ್ಲಿ ಏಳು ತಿಂಗಳು ಹೀಗೆ ಬಿದ್ದಿರುತ್ತದೆ ಎಂದು 2004ರಲ್ಲಿ ತಿಳಿಯಿತು. ಲೀಮರ್ ಮಂಗಗಳ, ನಮ್ಮ ಬಳಗದ್ದೇ ಪ್ರಾಣಿ. 2020ರಲ್ಲಿ ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸುಂಡಿಲಿಯ ಮಿದುಳಿನಲ್ಲಿ ಒಂದು ಚಿಕ್ಕ ನರಕೋಶದ ಗುಂಪನ್ನು ಚುರುಕುಗೊಳಿಸಿ, ಅದನ್ನು ಇಂಥದೇ ಸ್ಥಿತಿಗೆ ಇಳಿಸಿದರು. ಈ ಸ್ಥಿತಿಗೆ ತಾನಾಗಿ ಎಂದೂ ಹೋಗದ ಇಲಿಯಲ್ಲೂ ಅದು ಕೆಲಸ ಮಾಡಿತು. 2023ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ತಲೆಗೆ ಶಸ್ತ್ರಚಿಕಿತ್ಸೆ ಇಲ್ಲದೆ, ಹೊರಗಿನಿಂದ ಅಲ್ಟ್ರಾಸೌಂಡ್ ಕಳಿಸಿ ಸುಂಡಿಲಿಗಳನ್ನು 24 ಗಂಟೆ ಹಾಗಿಟ್ಟರು. ಅಲೆ ನಿಲ್ಲಿಸಿದ ಮೇಲೆ ಅವು ತಾವೇ ಎದ್ದವು. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಈ ಕೊನೆಯ ಮಾತು, ತಾವೇ ಎದ್ದವು ಅನ್ನುವುದು.

1999ರಲ್ಲಿ ನಾರ್ವೆಯಲ್ಲಿ ಸ್ಕೀಯಿಂಗ್ ಮಾಡುತ್ತಿದ್ದ ಸ್ವೀಡನ್ನಿನ ವೈದ್ಯೆಯೊಬ್ಬರು ಹೊಳೆಯ ಮಂಜುಗಡ್ಡೆಯಡಿ ಸಿಕ್ಕಿಕೊಂಡರು. ಎಂಬತ್ತು ನಿಮಿಷದ ನಂತರ ಹೊರತೆಗೆದಾಗ ಹೃದಯ ನಿಂತಿತ್ತು. ಮೈಬಿಸಿ 13.7 ಡಿಗ್ರಿಗೆ ಇಳಿದಿತ್ತು. ಆಸ್ಪತ್ರೆಯಲ್ಲಿ ರಕ್ತವನ್ನು ಯಂತ್ರದಿಂದ ಹೊರತೆಗೆದು, ಬೆಚ್ಚಗೆ ಮಾಡಿ, ಮತ್ತೆ ದೇಹಕ್ಕೆ ಹರಿಸಿದರು. ಗಂಟೆಗಟ್ಟಲೆ ಕೈಬಿಡಲಿಲ್ಲ. ಅವರು ಬದುಕಿ ಮತ್ತೆ ವೈದ್ಯ ವೃತ್ತಿಗೆ ಮರಳಿದರು. ಬೆಚ್ಚಗೆ ಮಾಡಿದ ಮೇಲೂ ಸತ್ತಿದ್ದರೆ ಮಾತ್ರ ಸತ್ತರು ಅನ್ನಬೇಕು ಎಂದು ವೈದ್ಯರು ಹೇಳುವ ಮಾತಿದೆ.

ಈ ಎರಡೂ ದಾರಿಗಳ ಫಲ ಅಂತರಿಕ್ಷಕ್ಕಿಂತ ಮೊದಲು ಆಸ್ಪತ್ರೆಗೆ ಬರುತ್ತದೆ ಎಂದು ನಾನು ನಂಬಿದ್ದೇನೆ. ಬೆಂಗಳೂರಿನಲ್ಲಿ ಝೀರೋ ಟ್ರಾಫಿಕ್ ಮಾಡಿ ಹೃದಯ ಸಾಗಿಸಿದ ಸುದ್ದಿ ಆಗಾಗ ಓದುತ್ತೇವೆ. ಪೊಲೀಸರು ಸಿಗ್ನಲ್‌ಗಳನ್ನು ತೆರೆದಿಟ್ಟು ಆಂಬುಲೆನ್ಸ್ ಬಿಡುತ್ತಾರೆ. ಹೊರತೆಗೆದ ಹೃದಯ ಐಸ್ ಪೆಟ್ಟಿಗೆಯಲ್ಲಿ ತಾಳುವುದು ನಾಲ್ಕರಿಂದ ಆರು ಗಂಟೆ. ಅಷ್ಟರೊಳಗೆ ಹೊಂದುವ ರೋಗಿ ಸಿಗಬೇಕು, ಅವರು ಆಸ್ಪತ್ರೆ ತಲುಪಬೇಕು, ಎದೆ ತೆರೆದಿರಬೇಕು. ಎಷ್ಟೋ ಅಂಗಗಳು ಈ ಓಟದಲ್ಲಿ ವ್ಯರ್ಥವಾಗುತ್ತವೆ. ಮಿನ್ನೆಸೋಟದ ಇಲಿಯ ಮೂತ್ರಪಿಂಡ 100 ದಿನ ಕಾದಿತ್ತು. ಮುಂದಿನ ಮೆಟ್ಟಿಲು ಹಂದಿಯ ಮೂತ್ರಪಿಂಡ. ಅದು ಗಾತ್ರದಲ್ಲಿ ನಮ್ಮದಕ್ಕೆ ಹತ್ತಿರ.